ಬೇಸಿಗೆಯಲ್ಲಿ ಬೀದಿ ಮರ ಬಾಡುತ್ತಿದೆಯೇ? ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ಮಾರ್ಚ್‌ನಿಂದ ಮೇ ತನಕ ಮನೆ ಮುಂದಿನ ಮರ ಬಾಡಿತೆಂದರೆ ನಾವು ಮೊದಲು ಮಾಡುವುದು ಬೊಡ್ಡೆಗೆ ಎರಡು ಬಕೆಟ್ ನೀರು ಸುರಿಯುವುದು. ಬಹಳಷ್ಟು ಸಲ ಆ ನೀರು ಬೇರಿಗೆ ಮುಟ್ಟುವುದೇ ಇಲ್ಲ. ಮೇಲಿನ ಎರಡು ಬೆರಳಿನಷ್ಟು ಮಣ್ಣು ಕಪ್ಪಾಗುತ್ತದೆ, ಉಳಿದದ್ದು ಚರಂಡಿ ಸೇರುತ್ತದೆ, ಮಾರನೆಯ ಮಧ್ಯಾಹ್ನ ಮರ ಮತ್ತೆ ಜೋತುಬೀಳುತ್ತದೆ. ಇನ್ನು ಕೆಲವು ಮರಗಳ ತೊಂದರೆ ಬಾಯಾರಿಕೆಯೇ ಅಲ್ಲ. ಅಂಥವುಗಳಿಗೆ ನೀರು ಹೆಚ್ಚಿಸಿದಷ್ಟೂ ಹಾನಿ. ಹಾಗಾಗಿ ಇಲ್ಲಿ ಕಣ್ಣಿಗೆ ಬೀಳುವ ಲಕ್ಷಣದಿಂದ ಶುರುಮಾಡಿ, ಖರ್ಚಿಲ್ಲದ ಪರೀಕ್ಷೆಗಳಿಂದ ಕಷ್ಟದವುಗಳ ಕಡೆಗೆ ಹೋಗಿದ್ದೇವೆ. ಬೆಂಗಳೂರಿನ ಕೆಂಪು ಮಣ್ಣು, ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣು, ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಯಾವ ಲಕ್ಷಣವೇ ಇರಲಿ, ಮೊದಲು ಸಲಾಕೆ ಚುಚ್ಚಿ ನೋಡಿ

ಒಂದಡಿ ಉದ್ದದ ಸ್ಕ್ರೂಡ್ರೈವರ್ ಅಥವಾ 6 ಮಿಲಿಮೀಟರ್ ದಪ್ಪದ ಕಬ್ಬಿಣದ ಸಲಾಕೆ ಸಾಕು. ಸಸಿಯಾದರೆ ಪಾತಿಯ ಮಧ್ಯದಲ್ಲಿ ಒಂದು ಕಡೆ, ಬೆಳೆದ ಮರವಾದರೆ ಬೊಡ್ಡೆಗೂ ನೆರಳಿನ ಅಂಚಿಗೂ ನಡುವೆ ಮೂರು ಕಡೆ ಚುಚ್ಚಿ. ಕೈಬಲ ಮಾತ್ರ, ಸುತ್ತಿಗೆ ಬೇಡ.

ಸಲಾಕೆ 15ರಿಂದ 20 ಸೆಂಟಿಮೀಟರ್ ಸಲೀಸಾಗಿ ಇಳಿದು, ಹೊರಗೆ ತೆಗೆದಾಗ ತುದಿಗೆ ಮಣ್ಣು ಅಂಟಿಕೊಂಡಿದ್ದರೆ ತೇವ ಇದೆ. ಇವತ್ತು ನೀರು ಬೇಡ, ದೋಷ ಬೇರೆ ಕಡೆ ಹುಡುಕಿ. ಐದಾರು ಸೆಂಟಿಮೀಟರ್ ಮೆತ್ತಗೆ ಇಳಿದು ಆಮೇಲೆ ಗಟ್ಟಿಯಾಗಿ ನಿಂತರೆ ನೀರು ಮೇಲ್ಪದರದಲ್ಲೇ ಉಳಿದಿದೆ. ರಸ್ತೆಬದಿಯಲ್ಲಿ ಅತಿ ಹೆಚ್ಚು ಕಾಣುವುದು ಇದೇ. ಶುರುವಿನಲ್ಲೇ ನಿಂತರೆ ಒಣಗಿ ಗಟ್ಟಿಯಾದ ಮಣ್ಣಿರಬಹುದು, ಇಲ್ಲವೇ ಕೆಳಗೆ ಜಲ್ಲಿ, ಇಟ್ಟಿಗೆ ಚೂರು ಇರಬಹುದು. ಒಂದಡಿ ಪಕ್ಕಕ್ಕೆ ಸರಿದು ಮತ್ತೆ ನೋಡಿ. ಸಲಾಕೆಗೆ ಅಂಟಿದ ಕೆಸರು ಕೊಳೆತ ವಾಸನೆ ಹೊಡೆದರೆ ನೀರು ಹೆಚ್ಚಾಗಿದೆ.

ಎರೆಮಣ್ಣಿನಲ್ಲಿ ಸಲಾಕೆ ಬಿರುಕಿಗೆ ಬಿದ್ದರೆ ಸುಮ್ಮನೆ ಇಳಿದುಹೋಗಿ ಮೋಸ ಮಾಡುತ್ತದೆ. ಅಲ್ಲಿ ಬಿರುಕಿಲ್ಲದ ಹೆಂಟೆಯ ಮೇಲೆಯೇ ಚುಚ್ಚಬೇಕು.

ಎಚ್ಚರಿಕೆ: ಟ್ರಾನ್ಸ್‌ಫಾರ್ಮರ್, ಬೀದಿ ದೀಪದ ಕಂಬ, ವಿದ್ಯುತ್ ಪೆಟ್ಟಿಗೆ, ಕೇಬಲ್ ಗುರುತಿನ ಕಲ್ಲುಗಳ ಹತ್ತಿರ ಸಲಾಕೆಯಾಗಲಿ ಹಾರೆಯಾಗಲಿ ಇಳಿಸಬೇಡಿ. ಅಲ್ಲಿ ಮೇಲ್ಮಣ್ಣನ್ನು ಕೈಯಲ್ಲೇ ಕೆದಕಿ ನೋಡಿದರೆ ಸಾಕು.

"ಮರ ಪೂರ್ತಿ ಬೋಳಾಗಿದೆ"

ಗಾಬರಿಯಾಗುವ ಮೊದಲು ಇದು ಯಾವ ಮರ ಎಂದು ನೋಡಿ. ಅರಳಿ, ಬೇವು, ಹೊಂಗೆ, ಮಹಾಗನಿ, ಬೂರುಗ ಇವೆಲ್ಲ ಬೇಸಿಗೆಯ ಆರಂಭದ ಹೊತ್ತಿಗೆ ತಾವಾಗಿಯೇ ಎಲೆ ಉದುರಿಸುತ್ತವೆ. ಹೊಂಗೆ ಕೆಲವೇ ವಾರಗಳಲ್ಲಿ ಹೊಳೆಯುವ ಹಸಿರು ಚಿಗುರು ಹೊದ್ದುಕೊಳ್ಳುತ್ತದೆ. ಗುಲ್‌ಮೊಹರ್ ಬೋಳು ಕೊಂಬೆಯಲ್ಲೇ ಹೂ ಬಿಡಲು ಶುರುಮಾಡುವುದುಂಟು. ಕಾಡುಬಾದಾಮಿಯ ಎಲೆ ಕೆಂಪಾಗಿ ಬೀಳುವುದೂ ರೋಗವಲ್ಲ. ಮಾವು, ಹಲಸು, ನೇರಳೆ, ಸಂಪಿಗೆಗಳ ಮಾತು ಬೇರೆ. ವರ್ಷವಿಡೀ ಹಸಿರಾಗಿರಬೇಕಾದ ಇವು ಬೋಳಾದರೆ ನಿಜವಾಗಿಯೂ ತೊಂದರೆ ಇದೆ.

ಜೀವ ಇದೆಯೇ ಎಂದು ತಿಳಿಯಲು ಪೆನ್ಸಿಲ್ ದಪ್ಪದ ಒಂದು ರೆಂಬೆಯನ್ನು ಹೆಬ್ಬೆರಳಿನ ಉಗುರಿನಿಂದ ಒಂದಿಷ್ಟು ಕೆರೆಯಿರಿ. ಒಳಗೆ ಹಸಿರು, ತೇವ ಕಂಡರೆ ಜೀವಂತ. ಕಂದು ಬಣ್ಣ ಕಂಡು, ಬಗ್ಗಿಸಿದಾಗ ಲಟಕ್ಕನೆ ಮುರಿದರೆ ಆ ರೆಂಬೆ ಸತ್ತಿದೆ. ಆಗ ಒಂದಡಿ ಹಿಂದಕ್ಕೆ ಬಂದು ಮತ್ತೆ ಕೆರೆಯಿರಿ. ಹಸಿರು ಎಲ್ಲಿ ಸಿಗುತ್ತದೋ ಅಲ್ಲಿಯವರೆಗೆ ಮರ ಉಳಿದಿದೆ. ಬೊಡ್ಡೆಯ ತೊಗಟೆಯನ್ನು ಮಾತ್ರ ಕೆತ್ತಬೇಡಿ.

ಎಲೆ ಹೇಗೆ ಉದುರುತ್ತದೆ ಎಂಬುದರಲ್ಲೂ ಸುಳಿವಿದೆ. ಹಳದಿಯಾಗಿ, ತೊಟ್ಟಿನ ಸಮೇತ ಬೀಳುವ ಎಲೆಯನ್ನು ಮರವೇ ಕಳಚಿಕೊಂಡಿದೆ. ಕಂದಾಗಿ, ಮುರುಟಿ, ವಾರಗಟ್ಟಲೆ ಕೊಂಬೆಗೇ ಅಂಟಿ ನೇತಾಡುವ ಎಲೆಯೆಂದರೆ ಕಳಚಿಕೊಳ್ಳಲೂ ಸಮಯ ಸಿಗದೆ ಕೊಂಬೆ ಒಮ್ಮೆಲೇ ಸತ್ತಿದೆ. ಅಂಥ ಕಡೆ ಬೇರು ಕತ್ತರಿಸಿದ್ದಾರೆಯೇ, ಬುಡದಲ್ಲಿ ಕಸ ಸುಟ್ಟಿದ್ದಾರೆಯೇ, ರಾಸಾಯನಿಕ ಸುರಿದಿದ್ದಾರೆಯೇ ಎಂದು ಹುಡುಕಿ.

"ಮಧ್ಯಾಹ್ನ ಜೋತುಬೀಳುತ್ತದೆ, ಬೆಳಿಗ್ಗೆ ಸರಿಯಾಗುತ್ತದೆ"

ಬಿಸಿಲಿನ ಹೊತ್ತಿನಲ್ಲಿ ಎಲೆಯಿಂದ ಆರುವಷ್ಟು ನೀರನ್ನು ಬೇರು ಎತ್ತಿಕೊಡಲಾಗದಿದ್ದಾಗ ಹೀಗಾಗುತ್ತದೆ. ರಾತ್ರಿ ಸರಿಹೋಗುತ್ತಿದ್ದರೆ ಮಣ್ಣಿನಲ್ಲಿ ಇನ್ನೂ ಸ್ವಲ್ಪ ತೇವ ಇದೆ. ಬೆಳಿಗ್ಗೆ ಆರೂವರೆಗೆ ನೋಡಿದಾಗಲೂ ಎಲೆ ಬಾಡಿಯೇ ಇದ್ದರೆ ಅದೇ ದಿನ ನೀರು ಕೊಡಬೇಕು. ಮಧ್ಯಾಹ್ನ ಎರಡು ಗಂಟೆಗೆ ನೋಡಿ ತೀರ್ಮಾನಿಸಬೇಡಿ. ಮರದ ನಿಜವಾದ ಸ್ಥಿತಿ ಬೆಳಗಿನ ಹೊತ್ತಿನಲ್ಲಿ ತಿಳಿಯುತ್ತದೆ.

"ನೀರು ಸುರಿದರೆ ಇಂಗುವುದೇ ಇಲ್ಲ, ರಸ್ತೆಗೆ ಹರಿದುಹೋಗುತ್ತದೆ"

ಊರಿನ ಮರಗಳ ಅರ್ಧ ಸಮಸ್ಯೆ ಇಲ್ಲೇ ಇದೆ, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ನೋಡೋಣ. ತೀರಾ ಒಣಗಿದ ದೂಳುಮಣ್ಣು ಮೊದಲಿಗೆ ನೀರನ್ನು ಹೀರುವುದಿಲ್ಲ, ತಳ್ಳುತ್ತದೆ. ಅದರ ಮೇಲೆ ಬೈಕು ನಿಂತು, ಜನ ತುಳಿದು ಮಣ್ಣು ಬಿಗಿದಿರುತ್ತದೆ. ಬೊಡ್ಡೆಯವರೆಗೂ ಕಾಂಕ್ರೀಟು ಬಂದಿದ್ದರಂತೂ ನೀರಿಗೆ ದಾರಿಯೇ ಇಲ್ಲ. ಈ ಕ್ರಮದಲ್ಲಿ ಸರಿಪಡಿಸುತ್ತ ಬನ್ನಿ.

1. ಮೊದಲು ಒಂದೇ ಒಂದು ಚೊಂಬು ನೀರು ಚಿಮುಕಿಸಿ ಹತ್ತು ನಿಮಿಷ ಬಿಡಿ. ಮೇಲ್ಮಣ್ಣು ಮೆತ್ತಗಾದ ಮೇಲೆ ಉಳಿದ ನೀರು ಕೊಡಿ. ಎಷ್ಟೋ ಕಡೆ ಇಷ್ಟರಿಂದಲೇ ಹರಿಯುವುದು ನಿಲ್ಲುತ್ತದೆ.

2. ಬೊಡ್ಡೆಯ ಸುತ್ತ 8ರಿಂದ 10 ಸೆಂಟಿಮೀಟರ್ ಎತ್ತರದ ಮಣ್ಣಿನ ಬದು ಕಟ್ಟಿ. ಸಸಿಗೆ ಬೊಡ್ಡೆಯಿಂದ ಒಂದೂವರೆ ಅಡಿ ದೂರ. ದೊಡ್ಡ ಮರಕ್ಕೆ ಜಾಗವಿದ್ದಷ್ಟು ದೂರ. ಬದುವಿಗೆ ಮಣ್ಣನ್ನು ಹೊರಗಿನಿಂದ ತನ್ನಿ. ಮರದ ಬುಡದಲ್ಲೇ ಗುದ್ದಲಿ ಹಾಕಿ ಅಗೆದರೆ ನೀರು ಕುಡಿಯುವ ಎಳೆಬೇರುಗಳೇ ತುಂಡಾಗುತ್ತವೆ. ಅವು ಹೆಚ್ಚಾಗಿ ಮೇಲಿನ ಒಂದೂವರೆ ಅಡಿಯೊಳಗೇ ಇರುತ್ತವೆ.

3. ಬಿಗಿದ ಮಣ್ಣನ್ನು ಕೈಮುಳ್ಳಿನಿಂದ ಎರಡು ಮೂರು ಸೆಂಟಿಮೀಟರ್ ಆಳ ಮಾತ್ರ ಸಡಿಲಿಸಿ. ಎರೆಮಣ್ಣಿನಲ್ಲಿ ಬೆರಳಗಲದ ಬಿರುಕುಗಳಿದ್ದರೆ ಒಣ ಗೊಬ್ಬರ, ಪುಡಿಮಣ್ಣು ತುಂಬಿ ಮುಚ್ಚಿ. ಇಲ್ಲದಿದ್ದರೆ ಸುರಿದ ನೀರೆಲ್ಲ ಬಿರುಕಿನ ಮೂಲಕ ಬೇರಿಗೆ ಸಿಗದಷ್ಟು ಆಳಕ್ಕೆ ಜಾರಿಹೋಗುತ್ತದೆ.

4. ನಿಧಾನಕ್ಕೆ ಇಳಿಯುವ ವ್ಯವಸ್ಥೆ ಮಾಡಿ. ಬಳಸಿ ಬಿಟ್ಟ 20 ಲೀಟರ್ ಕ್ಯಾನಿನ ಪಕ್ಕದ ಗೋಡೆಯಲ್ಲಿ, ತಳದಿಂದ ಎರಡು ಸೆಂಟಿಮೀಟರ್ ಮೇಲೆ 2 ಮಿಲಿಮೀಟರಿನ ಒಂದು ತೂತು ಕೊರೆಯಿರಿ. ಕ್ಯಾನು ಖಾಲಿಯಾಗಲು ಹೆಚ್ಚುಕಡಿಮೆ ಎರಡು ಗಂಟೆ ಹಿಡಿಯುತ್ತದೆ. ತೂತು ತಳದಲ್ಲೇ ಇದ್ದರೆ ಕೆಸರು ಕಟ್ಟಿ ಎರಡನೇ ದಿನಕ್ಕೇ ಮುಚ್ಚಿಹೋಗುತ್ತದೆ. ಮುಚ್ಚಳ ಬಿಗಿಯಾಗಿ ಹಾಕಿದರೆ ಗಾಳಿ ಒಳಗೆ ಹೋಗದೆ ಹರಿವು ನಿಲ್ಲುತ್ತದೆ. ಅರ್ಧ ಸಡಿಲ ಬಿಡಿ. ಖಾಲಿ ಕ್ಯಾನು ಗಾಳಿಗೆ ರಸ್ತೆಗೆ ಉರುಳಿ ದ್ವಿಚಕ್ರ ಸವಾರರಿಗೆ ಅಪಾಯ ತರಬಹುದು, ಆದ್ದರಿಂದ ಹಗ್ಗದಲ್ಲಿ ಸಸಿಯ ಆಸರೆ ಗೂಟಕ್ಕೆ ಕಟ್ಟಿ. ಸಸಿಗೇ ಕಟ್ಟಬೇಡಿ.

5. ಹೊಸದಾಗಿ ನೆಟ್ಟ ಸಸಿಗೆ ಮಡಕೆ ಇನ್ನೂ ಒಳ್ಳೆಯದು. ಬಣ್ಣ, ಹೊಳಪು ಬಳಿಯದ 5ರಿಂದ 8 ಲೀಟರಿನ ಮಣ್ಣಿನ ಮಡಕೆಯನ್ನು ಸಸಿಯಿಂದ ಒಂದಡಿ ದೂರದಲ್ಲಿ ಕಂಠದವರೆಗೆ ಹೂಳಿ, ತುಂಬಿಸಿ, ಮುಚ್ಚಳ ಹಾಕಿ. ಮೂರು ನಾಲ್ಕು ದಿನಕ್ಕೊಮ್ಮೆ ತುಂಬಿಸಬೇಕಾಗುತ್ತದೆ. ವಾರವಾದರೂ ನೀರು ಇಳಿಯದಿದ್ದರೆ, ಸುತ್ತಲ ಮಣ್ಣೇ ಒದ್ದೆಯಾಗಿದೆ ಅಥವಾ ಉಪ್ಪು ಕಟ್ಟಿ ಮಡಕೆಯ ರಂಧ್ರ ಮುಚ್ಚಿದೆ. ಹೊರತೆಗೆದು ತೆಂಗಿನ ನಾರಿನಿಂದ ಉಜ್ಜಿ. ಬೆಳೆದ ಮರದ ಬುಡದಲ್ಲಿ ಮಡಕೆಗೆಂದು ಗುಂಡಿ ತೋಡುವುದು ಬೇಡ.

ಕಾಂಕ್ರೀಟು ಒತ್ತಿಕೊಂಡಿರುವ ಮರಕ್ಕೆ ಇವಾವುದೂ ಪೂರ್ಣ ಪರಿಹಾರವಲ್ಲ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ದೆಹಲಿಯ ಮರಗಳ ಸುತ್ತ ಒಂದು ಮೀಟರಿನಷ್ಟು ಕಾಂಕ್ರೀಟು ತೆಗೆಯಬೇಕೆಂದು ಆದೇಶಿಸಿತ್ತು. ನಮ್ಮ ಊರುಗಳಲ್ಲೂ ಪಾಲಿಕೆಗೆ ಅರ್ಜಿ ಕೊಡುವಾಗ ಆ ಒಂದು ಮೀಟರನ್ನೇ ಕೇಳಿ. ಸ್ವಂತ ಕೈಯಿಂದ ಡ್ರಿಲ್ ಹಾಕಿ ಒಡೆಯಬೇಡಿ. ಕೆಳಗೆ ಕೇಬಲ್, ನೀರಿನ ಕೊಳವೆ ಇರಬಹುದು, ಬೇರಿನ ಸಿಪ್ಪೆಯೂ ಕಿತ್ತುಬರುತ್ತದೆ.

ಎಲ್ಲ ಆದ ಮೇಲೆ ಪಾತಿಯ ಮೇಲೆ ಒಣ ಎಲೆ, ಕಬ್ಬಿನ ಸೋಗೆ ಅಥವಾ ತೆಂಗಿನ ನಾರಿನ ಹುಡಿಯನ್ನು 5ರಿಂದ 8 ಸೆಂಟಿಮೀಟರ್ ಹೊದಿಸಿ. ಬೊಡ್ಡೆಯಿಂದ ಒಂದು ಗೇಣು ಜಾಗ ಖಾಲಿ ಇರಲಿ; ಬೊಡ್ಡೆಗೆ ಒತ್ತಿದ ಹೊದಿಕೆ ತೊಗಟೆಯನ್ನು ಕೊಳೆಸುತ್ತದೆ, ಗೆದ್ದಲನ್ನೂ ಕರೆತರುತ್ತದೆ. ಬೀದಿ ಗುಡಿಸಿದ ಎಲೆಯನ್ನು ಮರದ ಬುಡದಲ್ಲೇ ರಾಶಿ ಹಾಕಿ ಬೆಂಕಿ ಹಚ್ಚುವ ಅಭ್ಯಾಸವನ್ನು ಕಂಡಲ್ಲೆಲ್ಲ ತಡೆಯಿರಿ. ಹೊದಿಕೆಯಾಗಬೇಕಾದ ವಸ್ತುವೇ ಮರವನ್ನು ಸುಡುತ್ತಿರುತ್ತದೆ.

ಹಾಗಾದರೆ ಎಷ್ಟು ನೀರು?

ನೆಟ್ಟು ವರ್ಷವಾಗದ ಸಸಿಗೆ ವಾರಕ್ಕೆರಡು ಸಲ 15ರಿಂದ 20 ಲೀಟರ್. ಎರಡನೇ ವರ್ಷ ವಾರಕ್ಕೊಮ್ಮೆ 30ರಿಂದ 40 ಲೀಟರ್. ಮೂರನೇ ಬೇಸಿಗೆಗೆ ಹತ್ತು ದಿನಕ್ಕೊಮ್ಮೆ 50ರಿಂದ 60 ಲೀಟರ್. ದಿನಾ ಒಂದು ಚೊಂಬು ಹಾಕುವುದಕ್ಕಿಂತ ಇದು ಎಷ್ಟೋ ಮೇಲು. ಮೇಲ್ಮಣ್ಣಷ್ಟೇ ಒದ್ದೆಯಾದರೆ ಬೇರೂ ಮೇಲಕ್ಕೇ ಬಂದು, ಒಂದು ದಿನ ತಪ್ಪಿದರೂ ಒಣಗುತ್ತದೆ.

ಬೆಳೆದ ಮರಕ್ಕೆ ಎದೆಮಟ್ಟದಲ್ಲಿ ಟೇಪು ಸುತ್ತಿ ಸುತ್ತಳತೆ ನೋಡಿ. ಪ್ರತಿ ಸೆಂಟಿಮೀಟರಿಗೆ 5 ಲೀಟರ್ ಲೆಕ್ಕ ಹಿಡಿಯಿರಿ. 60 ಸೆಂಟಿಮೀಟರಿನ ಹೊಂಗೆಗೆ 300 ಲೀಟರ್ ಆಯಿತು. ಮಳೆಯಿಲ್ಲದ ಕಡುಬೇಸಿಗೆಯಲ್ಲಿ ಎರಡು ಮೂರು ವಾರಕ್ಕೊಮ್ಮೆ ಕೊಟ್ಟರೆ ಸಾಕು. ಪೈಪಿನಲ್ಲಿ ಕೊಡುವವರು 20 ಲೀಟರಿನ ಬಕೆಟ್ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿಕೊಳ್ಳಿ. ಎರಡು ನಿಮಿಷವಾದರೆ 300 ಲೀಟರಿಗೆ ಅರ್ಧ ಗಂಟೆ. ಒಂದೇ ಕಡೆ ಬಿಡದೆ ಮೂರು ನಾಲ್ಕು ಕಡೆ ಸರಿಸುತ್ತ ಹೋಗಿ. ದೊಡ್ಡ ಮರಕ್ಕೆ ಬೊಡ್ಡೆಯ ಬುಡದಲ್ಲಿ ನೀರು ನಿಲ್ಲಿಸಿ ಪ್ರಯೋಜನ ಕಡಿಮೆ. ಹೀರುವ ಬೇರುಗಳು ನೆರಳಿನ ಅಂಚಿನ ಕಡೆಗೂ ಅದರಾಚೆಗೂ ಹರಡಿರುತ್ತವೆ.

ನೀರು ಸಾಲದಿದ್ದರೆ ಮೊದಲ ಪಾಲು ಮೂರು ವರ್ಷದೊಳಗಿನ ಸಸಿಗಳಿಗೆ. ಎರಡನೆಯದು ಇತ್ತೀಚೆಗೆ ಚರಂಡಿ, ಕೇಬಲ್ ಕೆಲಸದಲ್ಲಿ ಬೇರು ಕಳೆದುಕೊಂಡ ಮರಗಳಿಗೆ. ಹಳೆಯ ಆಲ, ಬೇವುಗಳು ಸಾಮಾನ್ಯವಾಗಿ ಕಾಯುತ್ತವೆ.

ನೀರಿನ ಮೂಲದ ಬಗ್ಗೆ ಎಚ್ಚರ ಇರಲಿ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕೈತೋಟಕ್ಕೆ, ವಾಹನ ತೊಳೆಯಲು ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಮರಕ್ಕೆ ಧಾರಾಳವಾಗಿ ಆಗುತ್ತದೆ. ಅಪಾರ್ಟ್‌ಮೆಂಟಿನ ಶುದ್ಧೀಕರಣ ಘಟಕದ ನೀರೂ ಆಗುತ್ತದೆ. ಅದನ್ನು ಎಲೆಗೆ ಸಿಂಪಡಿಸದೆ ಮಣ್ಣಿಗೆ ಮಾತ್ರ ಬಿಡಿ, ಕೈಗವಸು ಹಾಕಿ, ಕೆಲಸವಾದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಫಿನೈಲ್, ಬ್ಲೀಚಿಂಗ್ ಪುಡಿ ಬೆರೆತ ನೆಲ ಒರೆಸಿದ ನೀರು ಬೇಡವೇ ಬೇಡ.

"ಎಲೆಯ ಅಂಚು, ತುದಿ ಸುಟ್ಟಂತೆ ಕಂದಾಗಿದೆ"

ಸಲಾಕೆ ಒಣ ಎಂದು ಹೇಳಿದರೆ ಇದು ನೀರಿನ ಕೊರತೆ. ಸುಟ್ಟ ಭಾಗ ಮತ್ತೆ ಹಸಿರಾಗದು. ಹೊಸ ಎಲೆ ಚೆನ್ನಾಗಿ ಬಂದರೆ ಸಾಕು, ಹಳೆಯದನ್ನು ಕೀಳಬೇಡಿ.

ಮಣ್ಣು ತೇವವಾಗಿದ್ದೂ ಅಂಚು ಸುಡುತ್ತಿದ್ದರೆ ಉಪ್ಪಿನ ಅನುಮಾನ ಪಡಿ. ಪಾತಿಯ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದೆಯೇ? ಕೊಳವೆಬಾವಿಯ ಗಡಸು ನೀರು ಅಥವಾ ಆರ್‌ಒ ಯಂತ್ರ ಹೊರಬಿಡುವ ನೀರನ್ನೇ ತಿಂಗಳುಗಟ್ಟಲೆ ಹಾಕುತ್ತಿದ್ದೀರಾ? ನೀರಿನಲ್ಲಿ ಕರಗಿದ ಉಪ್ಪಿನಂಶ ಅಳೆಯುವ ಟಿಡಿಎಸ್ ಮೀಟರಿನಲ್ಲಿ 2,000ಕ್ಕಿಂತ ಹೆಚ್ಚು ತೋರಿಸುವ ನೀರನ್ನು ಸಸಿಗೆ ಹಾಕಬೇಡಿ. 450ರಿಂದ 2,000ದ ನಡುವಿನದನ್ನು ತರಕಾರಿ ತೊಳೆದ ನೀರಿನ ಜೊತೆ ಅರ್ಧಕ್ಕರ್ಧ ಬೆರೆಸಿ ಕೊಡಿ. ಬಿಳಿ ಪುಡಿಯನ್ನು ಮೇಲಿಂದ ಕೆರೆದು ತೆಗೆದು, ಒಳ್ಳೆಯ ನೀರು ಸಿಕ್ಕ ದಿನ ಎಂದಿಗಿಂತ ಎರಡರಷ್ಟು ಕೊಟ್ಟು ಉಪ್ಪನ್ನು ಕೆಳಕ್ಕಿಳಿಸಿ. ಸೊರಗಿದೆ ಎಂದು ಯೂರಿಯಾ ಹಾಕುವವರಿದ್ದಾರೆ. ಯೂರಿಯಾ ಕೂಡ ಮಣ್ಣಿನ ಉಪ್ಪಿನಂಶ ಏರಿಸುತ್ತದೆ, ಬಾಯಾರಿದ ಬೇರನ್ನು ಸುಡುತ್ತದೆ. ಗೊಬ್ಬರವೆಲ್ಲ ಮಳೆಗಾಲಕ್ಕೆ.

"ಎಲೆ ಹಳದಿ, ಆದರೆ ಮಣ್ಣು ಒದ್ದೆ"

ನೀರು ಹೆಚ್ಚಾಗಿದೆ. ಗಾಳಿ ಸಿಗದ ಬೇರು ಸಾಯುತ್ತದೆ, ಸತ್ತ ಬೇರು ನೀರೆತ್ತದು, ಹಾಗಾಗಿ ಒದ್ದೆ ಮಣ್ಣಿನಲ್ಲೇ ಮರ ಬಾಡುತ್ತದೆ. ನೋಡುವವರಿಗೆ ಬಾಯಾರಿದಂತೆಯೇ ಕಂಡು ಇನ್ನಷ್ಟು ನೀರು ಬೀಳುತ್ತದೆ. ಸಲಾಕೆಯ ಪರೀಕ್ಷೆಯನ್ನು ಮೊದಲಿಗೆ ಇಟ್ಟಿದ್ದು ಇದಕ್ಕಾಗಿಯೇ. ನೀರು ನಿಲ್ಲಿಸಿ, ಹೊದಿಕೆ ಪಕ್ಕಕ್ಕೆ ಸರಿಸಿ, ಬದುವಿನ ಒಂದು ಕಡೆ ಒಡೆದು ಹೊರದಾರಿ ಮಾಡಿ. ಸಲಾಕೆ 10 ಸೆಂಟಿಮೀಟರಿನಲ್ಲಿ ಬಿಗಿಯಾಗುವವರೆಗೆ ಕಾಯಿರಿ. ನೀವು ಹಾಕದಿದ್ದರೂ ಮಣ್ಣು ಸದಾ ಒದ್ದೆಯಾಗಿದ್ದರೆ ಕೊಳಾಯಿಯೋ ಒಳಚರಂಡಿಯೋ ಸೋರುತ್ತಿದೆ. ಜಲಮಂಡಳಿಗೆ ದೂರು ಕೊಡಿ.

ಯಾವ ಪಾತಿಯಲ್ಲೂ ನೀರು ಒಂದು ದಿನಕ್ಕಿಂತ ಹೆಚ್ಚು ನಿಲ್ಲಬಾರದು. ನಿಂತರೆ ಡೆಂಗಿ ಸೊಳ್ಳೆಗೆ ಜಾಗವಾಗುತ್ತದೆ.

"ತುದಿಯಿಂದ ಒಣಗುತ್ತ ಕೆಳಗೆ ಬರುತ್ತಿದೆ"

ಮರದ ಒಂದೇ ಮಗ್ಗುಲು ಒಣಗುತ್ತಿದ್ದರೆ ಆ ಕಡೆಯ ನೆಲ ನೋಡಿ. ಅಲ್ಲಿ ಕಾಲುವೆ ತೋಡಿದ್ದಾರೆ, ರಸ್ತೆ ಎತ್ತರಿಸಿದ್ದಾರೆ ಅಥವಾ ಕಟ್ಟಡದ ಮಣ್ಣು ಸುರಿದಿದ್ದಾರೆ. ಉಳಿದ ಬೇರುಗಳಿರುವ ಕಡೆಗೆ ಮೇಲಿನ ಲೆಕ್ಕದಂತೆ ನೀರು ಕೊಡುತ್ತ ಬನ್ನಿ. ಮುಂದಿನ ಒಂದೆರಡು ಬೇಸಿಗೆಗಳಲ್ಲೂ ಕೊಡಬೇಕಾಗುತ್ತದೆ. ಸಸಿಯಾಗಿದ್ದರೆ ರಕ್ಷಣೆಗೆ ಕಟ್ಟಿದ ತಂತಿ, ಕಬ್ಬಿಣದ ಬಲೆ ಕಾಂಡಕ್ಕೆ ಕಚ್ಚಿಕೊಂಡಿದೆಯೇ ಎಂದು ಬೆರಳಾಡಿಸಿ ನೋಡಿ. ಸೀರಿಯಲ್ ದೀಪದ ವೈರು ಬಿಗಿದ ಮರಗಳೂ ಹೀಗೆ ಉಸಿರುಗಟ್ಟುತ್ತವೆ. ವೈರಿನಲ್ಲಿ ವಿದ್ಯುತ್ ಇರಬಹುದು, ಮುಟ್ಟದೆ ದೂರು ಕೊಡಿ.

ಬೇವಿನ ವಿಷಯ ಬೇರೆ. ಮಳೆಗಾಲದ ನಡುವಿನಿಂದ ಡಿಸೆಂಬರ್ ತನಕ ಬೇವಿನ ಕುಡಿಗಳೆಲ್ಲ ಸುಟ್ಟಂತೆ ಒಣಗಿದರೆ ಅದು ಶಿಲೀಂಧ್ರದಿಂದ ಬರುವ ತುದಿ ಒಣಗುವ ರೋಗ. ಟೀ ಸೊಳ್ಳೆ ಎನ್ನುವ ತಿಗಣೆಯೂ ಹಾಗೆಯೇ ಕುಡಿ ಒಣಗಿಸುತ್ತದೆ. ನೀರು ಹಾಕಿ ಇದನ್ನು ನಿಲ್ಲಿಸಲಾಗದು. ಸಣ್ಣ ಮರವಾದರೆ ಒಣಗಿದ ಕುಡಿಗಳನ್ನು ಕತ್ತರಿಸಿ ದೂರ ಒಯ್ದು ಹಾಕಿ. ದೊಡ್ಡದಾದರೆ ತೋಟಗಾರಿಕೆ ಇಲಾಖೆಯವರನ್ನು ಕೇಳಿ.

"ಕಾಂಡದಲ್ಲಿ ತೂತು, ಹಿಟ್ಟು, ಬುಡದಲ್ಲಿ ಅಣಬೆ"

ತೂತಿನಿಂದ ಮರದ ಹುಡಿ ಉದುರುತ್ತಿದ್ದರೆ ಕಾಂಡಕೊರಕ. ಬಾಯಾರಿ ಸೋತ ಮರಕ್ಕೆ ಇದು ಹೆಚ್ಚು ಬೀಳುತ್ತದೆ. ತೊಗಟೆಯ ಮೇಲೆ ಮಣ್ಣಿನ ಕೊಳವೆ ಕಂಡರೆ ಗೆದ್ದಲು. ಕೆರೆದು ತೆಗೆಯಿರಿ, ಕೆಳಗಿನ ತೊಗಟೆ ಗಟ್ಟಿಯಾಗಿದ್ದರೆ ಹೆದರಬೇಕಿಲ್ಲ, ಅದು ಹೆಚ್ಚಾಗಿ ಸತ್ತ ಹೊರತೊಗಟೆಯನ್ನೇ ತಿನ್ನುತ್ತಿರುತ್ತದೆ. ಪಡುವಣ ಬಿಸಿಲಿಗೆ ತೆರೆದ ಮಗ್ಗುಲಲ್ಲಿ ತೊಗಟೆ ಸೀಳಿದ್ದರೆ ಸುಣ್ಣ ಬಳಿದರೆ ಶಾಖ ತಗ್ಗುತ್ತದೆ. ಬುಡದಲ್ಲಿ ಗಟ್ಟಿ, ಬೀಸಣಿಗೆಯಂಥ ಅಣಬೆ ಎದ್ದಿದ್ದರೆ ಒಳಗೆ ಕೊಳೆತ ಶುರುವಾಗಿದೆ. ಇಲ್ಲಿಗೆ ಮನೆಮದ್ದು ಮುಗಿಯಿತು. ಎಲೆ ಎಷ್ಟೇ ಹಸಿರಾಗಿರಲಿ ಮರ ಬೀಳಬಹುದು. ಪಾಲಿಕೆಯ ಅರಣ್ಯ ವಿಭಾಗಕ್ಕೆ ತಿಳಿಸಿ.

ಕೆಲಸ ನಿಲ್ಲಿಸಿ ದೂರ ಸರಿಯಬೇಕಾದ ಹೊತ್ತು

ಮರ ಹೊಸದಾಗಿ ವಾಲಿದ್ದರೆ, ವಾಲಿದ್ದರ ಎದುರು ಬದಿಯಲ್ಲಿ ನೆಲ ಉಬ್ಬಿ ಬಿರುಕು ಬಿಟ್ಟಿದ್ದರೆ, ಕವಲಿನಲ್ಲಿ ಹೊಸ ಸೀಳು ಕಂಡರೆ ನೀರು ಹಾಕುವುದನ್ನೂ ನಿಲ್ಲಿಸಿ. ಕೆಳಗೆ ನಿಂತ ವಾಹನ ಸರಿಸಿ, ಮಕ್ಕಳನ್ನು ದೂರವಿಡಿ. ಮಳೆಮರದಂಥ ಹರಡಿದ ಮರಗಳ ಭಾರದ ಕೊಂಬೆ ಗಾಳಿಯಿಲ್ಲದ ಬಿಸಿ ಮಧ್ಯಾಹ್ನದಲ್ಲೂ ಒಮ್ಮೆಲೇ ಬೀಳಬಹುದು. ಕೊಂಬೆ ವಿದ್ಯುತ್ ತಂತಿಗೆ ತಾಗಿದ್ದರೆ ಹತ್ತಿರ ಹೋಗದೆ ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಅಪಾಯವಿದೆಯೆಂದು ನೀವೇ ಆಳು ಕರೆಸಿ ಕಡಿಸುವಂತಿಲ್ಲ. ಬೇಸಿಗೆಯ ನಡುವೆ ಹಸಿರು ಕೊಂಬೆ ಸವರುವುದೂ ಬೇಡ. ಒಣಕೊಂಬೆ ತೆಗೆಸಿದರೆ ಸಾಕು.

"ಮಳೆ ಬಂತು, ನೀರು ನಿಲ್ಲಿಸಬಹುದೇ?"

ಏಪ್ರಿಲ್‌ನ ಒಂದು ಮಾವಿನ ಮಳೆಗೆ ಬೀದಿಯೆಲ್ಲ ಹೊಳೆಯಾದರೂ ಮರದ ಬುಡ ಒಣಗಿಯೇ ಇರಬಹುದು. 10 ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರಿಗೆ 10 ಲೀಟರ್ ಅಷ್ಟೇ. ಅದರಲ್ಲೂ ಒಂದಿಷ್ಟು ಎಲೆಯ ಮೇಲೆ ನಿಂತು ಆರಿಹೋಗುತ್ತದೆ, ಮತ್ತಷ್ಟು ಕಾಂಕ್ರೀಟಿನ ಮೇಲೆ ಹರಿಯುತ್ತದೆ. ಮಳೆಯ ಮಾರನೆಯ ಬೆಳಿಗ್ಗೆ ಸಲಾಕೆ ಚುಚ್ಚಿ. 15 ಸೆಂಟಿಮೀಟರ್ ಇಳಿದರೆ ಒಂದು ಸರದಿ ಬಿಡಿ, ಇಳಿಯದಿದ್ದರೆ ಎಂದಿನಂತೆ ಕೊಡಿ. ಭರಣಿ, ಕೃತ್ತಿಕೆ ಮಳೆಗಳು ಸರಿಯಾಗಿ ಸುರಿದ ವರ್ಷ ಮೇ ಕೊನೆಗೆ ದೊಡ್ಡ ಮರಗಳಿಗೆ ನಿಲ್ಲಿಸಬಹುದು. ಸಸಿಗಳಿಗೆ ಮುಂಗಾರು ಹಿಡಿದ ಮೇಲೆಯೇ.

ಜುಲೈ ಕಳೆದರೂ ಚಿಗುರದ ಸಸಿಯನ್ನು ತುದಿಯಿಂದ ಬುಡದವರೆಗೆ ಉಗುರಿನಿಂದ ಕೆರೆದು ನೋಡಿ. ಬುಡದ ಹತ್ತಿರ ಹಸಿರು ಸಿಕ್ಕರೆ ಅದರ ಮೇಲಿನ ಒಣಭಾಗವನ್ನು ಓರೆಯಾಗಿ ಕತ್ತರಿಸಿ ಬಿಡಿ. ಹೊಂಗೆ, ಬೇವು ಬುಡದಿಂದ ಮತ್ತೆ ಒಡೆಯುತ್ತವೆ. ಹಲವು ಕುಡಿ ಬಂದರೆ ಗಟ್ಟಿಯಾದ ಒಂದನ್ನು ಉಳಿಸಿ. ಪೂರ್ತಿ ಕಂದಾಗಿದ್ದರೆ ಕಿತ್ತು, ಗುಂಡಿಯಲ್ಲಿನ ಜಲ್ಲಿ, ಸಿಮೆಂಟು ಚೂರು ತೆಗೆದು, ಆಗಸ್ಟ್‌ನೊಳಗೆ ಅದೇ ಗುಂಡಿಯಲ್ಲಿ ಹೊಸ ಸಸಿ ನೆಡಿ, ಮಡಕೆಯನ್ನು ಆಗಲೇ ಪಕ್ಕದಲ್ಲಿ ಹೂಳಿಬಿಡಿ.